ಬಾಣಂತಿಯರ ಸರ್ವೆ: ನಾವು ಪ್ರಶ್ನೆ ಕೇಳಿದ ರೀತಿ

ಹೊಸದಾಗಿ ತಾಯಿಯಾದವರನ್ನು ಮಾತಾಡಿಸಿ, ಅವರ ಮತ್ತು ಮಗುವಿನ ಆರೋಗ್ಯದ ಬಗ್ಗೆ ಸರ್ವೆ ಮಾಡುವುದು ನನ್ನ ಕೆಲಸ. ಮಗುವಿನ ತೂಕ, ಹೆರಿಗೆ ಸಹಜವೋ ಸಿಸೇರಿಯನ್ನೋ, ತಾಯಿಯ ಬಿಪಿ ಎಷ್ಟಿತ್ತು, ಇದೆಲ್ಲ ಆಸ್ಪತ್ರೆಯ ದಾಖಲೆಯಲ್ಲೇ ಸಿಗುತ್ತದೆ. ಮನೆಗೆ ಹೋದ ಮೇಲೆ ಏನಾಯಿತು ಅನ್ನುವುದು ಅಲ್ಲಿರುವುದಿಲ್ಲ. ಅದನ್ನು ಅವಳನ್ನೇ ಕೇಳಬೇಕು.

ಅಮೆರಿಕದಲ್ಲಿ 1987ರಲ್ಲಿ ಶುರುವಾದ ಪ್ರಾಮ್ಸ್ ಎಂಬ ಸರ್ವೆ ಇಂಥ ಕೆಲಸಕ್ಕೆ ದೊಡ್ಡ ಮಾದರಿ. ಜನನ ದಾಖಲೆಗಳಿಂದ ತಾಯಂದಿರನ್ನು ಆರಿಸಿ, ಹೆರಿಗೆಯಾದ ಕೆಲವು ತಿಂಗಳಲ್ಲೇ ಕೇಳುತ್ತಾರೆ. ತೀರಾ ಬೇಗ ಕೇಳಿದರೆ ಅನುಭವವೇ ಆಗಿರುವುದಿಲ್ಲ, ತಡವಾದರೆ ಮರೆತುಹೋಗಿರುತ್ತದೆ. ಅದರಿಂದ ನಾನು ಕಲಿತ ಇನ್ನೊಂದು ವಿಷಯ: ಮಗುವಿನ ಪ್ರಶ್ನೆಗಳಿಗೆ ಹೋಗುವ ಮೊದಲು, ಮಗು ಬದುಕಿದೆಯಾ ಎಂದು ಕೇಳಲೇಬೇಕು. ಮಗುವನ್ನು ಕಳೆದುಕೊಂಡ ತಾಯಿಗೆ ಹಾಲೂಡಿಸುವ ಪ್ರಶ್ನೆ ಕೇಳುವುದು ಕ್ರೂರ. ಹಾಗಂತ ಅವಳನ್ನು ಪೂರ್ತಿ ಬಿಟ್ಟುಬಿಡುವುದೂ ತಪ್ಪು. ಅವಳ ಉತ್ತರ ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು.

ಹಾಲಿನ ಪ್ರಶ್ನೆಗೇ ಬರೋಣ. ಮೊದಲ 6 ತಿಂಗಳು ಎದೆಹಾಲು ಮಾತ್ರ ಕೊಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದು ಬಹುಪಾಲು ತಾಯಂದಿರ ಕಿವಿಗೆ ಬಿದ್ದೇ ಇರುತ್ತದೆ. ‘ಎದೆಹಾಲು ಮಾತ್ರ ಕೊಡ್ತೀರಾ?’ ಎಂದರೆ ‘ಹೌದು’ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಎರಡು ಚಮಚ ನೀರು ಲೆಕ್ಕಕ್ಕೆ ಬರುತ್ತದೆ ಎಂದು ಅನಿಸಿರುವುದಿಲ್ಲ. ಅದಕ್ಕೇ ನಾವು ‘ನಿನ್ನೆ ಹಗಲು, ರಾತ್ರಿ ಮಗುವಿಗೆ ಏನೇನು ಕೊಟ್ಟಿರಿ?’ ಎಂದು ಕೇಳುತ್ತೇವೆ. ನೀರು, ಬೇರೆ ಹಾಲು, ಪುಡಿ ಹಾಲು, ಗಂಜಿ, ಒಂದೊಂದೇ ಹೆಸರು ಹೇಳಿ ನಿಲ್ಲುತ್ತೇವೆ. ಔಷಧದ ಹನಿ, ಓಆರ್‌ಎಸ್ ಕೊಟ್ಟಿದ್ದರೆ ಅದು ‘ಎದೆಹಾಲು ಮಾತ್ರ’ ಅನ್ನುವುದರೊಳಗೇ ಸೇರುತ್ತದೆ. ಈ ರೀತಿಗೂ ಒಂದು ಮಿತಿ ಇದೆ. ನಿನ್ನೆ ಏನೂ ಕೊಡದವರು ಕಳೆದ ವಾರ ನೀರು ಕೊಟ್ಟಿರಬಹುದು. ಹಾಗಾಗಿ ಬರುವ ಅಂಕಿ ನಿಜಕ್ಕಿಂತ ಸ್ವಲ್ಪ ಚೆನ್ನಾಗಿಯೇ ಕಾಣುತ್ತದೆ.

ಮನಸ್ಸಿನ ಪ್ರಶ್ನೆಗಳೇ ಕಷ್ಟ. ನಾವು ಬಳಸುವುದು ಎಡಿನ್‌ಬರ್ಗ್ ಪ್ರಶ್ನೆಪಟ್ಟಿ, ಹೆರಿಗೆಯ ನಂತರದ ಖಿನ್ನತೆಯ ಸುಳಿವು ಇದೆಯೇ ಎಂದು ನೋಡುವಂಥದ್ದು. 10 ಪ್ರಶ್ನೆ, ಕಳೆದ 7 ದಿನದ್ದು, ಒಟ್ಟು 30 ಅಂಕ. ಅದರಲ್ಲಿ ‘ನಿದ್ದೆ ಬರ್ತಿಲ್ವಾ?’ ಎಂದು ಸುಮ್ನೆ ಕೇಳುವುದಿಲ್ಲ, ಯಾವ ಬಾಣಂತಿಗೆ ನಿದ್ದೆ ಸಾಕಾಗುತ್ತದೆ ಹೇಳಿ? ದುಃಖದಿಂದಾಗಿ ನಿದ್ದೆ ಬರುತ್ತಿಲ್ಲವೇ ಎಂದು ಕೇಳುತ್ತದೆ. ಆ ವ್ಯತ್ಯಾಸ ನನಗೆ ತುಂಬಾ ಮುಖ್ಯ. ಇದನ್ನು ಮನೆಯವರ ಮುಂದೆ ಕೇಳಬಾರದು. ಪಕ್ಕದಲ್ಲಿ ಅತ್ತೆಯೋ ಗಂಡನೋ ಇದ್ದರೆ ಹಾಳೆಯನ್ನು ಅವಳ ಕೈಗೇ ಕೊಟ್ಟು, ಅವಳೇ ಗುರುತು ಹಾಕಲಿ ಎಂದು ಬಿಡುತ್ತೇವೆ. ಫೋನಿನಲ್ಲಾದರೆ, ಈಗ ಮಾತಾಡಲು ಆಗುತ್ತದೆಯೇ ಎಂದು ಕೇಳಿ, ಆಗದಿದ್ದರೆ ಇನ್ನೊಮ್ಮೆ ಮಾಡುತ್ತೇವೆ. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅದಕ್ಕೆ ‘ಯಾವತ್ತೂ ಇಲ್ಲ’ ಬಿಟ್ಟು ಬೇರೆ ಏನೇ ಉತ್ತರ ಬಂದರೂ ಒಟ್ಟು ಅಂಕ ನೋಡುವುದಿಲ್ಲ, ಅವತ್ತೇ ಅವಳನ್ನು ವೈದ್ಯರ ಜೊತೆ ಮಾತಾಡಿಸುತ್ತೇವೆ. ಯಾರು ನೋಡುತ್ತಾರೆ ಎಂದು ಮೊದಲೇ ಗೊತ್ತುಮಾಡಿಕೊಳ್ಳದೆ ಈ ಪ್ರಶ್ನೆ ಕೇಳಲು ನಮಗೆ ಹಕ್ಕಿಲ್ಲ.

‘ಹೆರಿಗೆ ಆದಮೇಲೆ ಚೆಕಪ್‌ಗೆ ಹೋದಿರಾ?’ ಅನ್ನುವುದನ್ನು ನಾವು ಎರಡು ಪ್ರಶ್ನೆ ಮಾಡಿದೆವು: ಮಗುವನ್ನು ನೋಡಿದರಾ? ನಿಮ್ಮನ್ನು ನೋಡಿದರಾ, ಬಿಪಿ ಅಳೆದರಾ? ಮೊದಲನೆಯದಕ್ಕೆ ಹೌದು ಎಂದ ಎಷ್ಟೋ ತಾಯಂದಿರು ಎರಡನೆಯದಕ್ಕೆ ಇಲ್ಲ ಎಂದರು. ಬಿಪಿ ಏರುವ ಅಪಾಯ ಹೆರಿಗೆಯ ಜೊತೆ ಮುಗಿಯುವುದಿಲ್ಲ, ಕೆಲವರಿಗೆ ಆಮೇಲಿನ ವಾರಗಳಲ್ಲೂ ಬರುತ್ತದೆ. ಈ ಉತ್ತರಗಳನ್ನು ಚುಚ್ಚುಮದ್ದು ಹಾಕುವವರ ಮುಂದಿಟ್ಟೆವು. ಮಗುವಿನ ಲಸಿಕೆಗೆ ಬಂದ ದಿನವೇ, ಅದೇ ಕೋಣೆಯಲ್ಲಿ, ತಾಯಿಯ ಬಿಪಿಯನ್ನೂ ನೋಡಿ ಎಂದು ಕೇಳಿಕೊಂಡೆವು. ಈಗ ನೋಡುತ್ತಿದ್ದಾರೆ.