ಹುಣಸೆ ಬೀಜದ ಅಂಟು, ಹಳೇ ಪಂಚೆ, 120 ಎಲೆ

ಮಧುಗಿರಿಯ ನಮ್ಮ ಮನೆಯಲ್ಲಿ ಬೇಸಿಗೆ ಬಂತು ಅಂದರೆ ಹುಣಸೆ ಬಡಿಯುವ ಸದ್ದು. ಹಣ್ಣು ಮಂಡಿಗೆ ಹೋಗುತ್ತದೆ, ಬೀಜ ಉಳಿಯುತ್ತದೆ. ಅದರಲ್ಲಿ ಒಂದು ಸೇರು ನನಗೆ ಬೇಕು, ಗಂಜೀಫಾ ಎಲೆ ಮಾಡೋದಕ್ಕೆ.

ಗಂಜೀಫಾ ಅಂದರೆ ಕೈಯಲ್ಲಿ ಚಿತ್ರ ಬರೆದ ದುಂಡನೆಯ ಆಟದೆಲೆ. ಬಾಬರ್ 1527ರಲ್ಲೇ ಸಿಂಧ್‌ಗೆ ಒಂದು ಕಟ್ಟು ಕಳಿಸಿದ್ದ. ಮೊಗಲರ ಕಟ್ಟಿನಲ್ಲಿ 96 ಎಲೆ, ದಶಾವತಾರದ ಕಟ್ಟಿನಲ್ಲಿ 120. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಅಷ್ಟೂ ಸಾಲಲಿಲ್ಲ. 360 ಎಲೆಯವರೆಗಿನ ಆಟಗಳನ್ನು ಕಟ್ಟಿ ‘ಛದ’ ಅಂದರು. ಛದ ಅಂದರೂ ಎಲೆಯೇ ಅಲ್ವಾ!

ಮೊದಲು ಅಂಟು. ಬೀಜವನ್ನು ಹುರಿದು, ಕುಟ್ಟಿ, ಸಿಪ್ಪೆ ತೆಗೆಯಿರಿ. ಒಂದು ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ, ಸಣ್ಣ ಉರಿಯಲ್ಲಿ ಗಂಜಿಯಂತೆ ಬೇಯಿಸಿ ಸೋಸಿ. ತೊಳೆದು ಮೆತ್ತಗಾದ ಹತ್ತಿ ಪಂಚೆಯ ಎರಡು ಪದರವನ್ನು ಇದರಲ್ಲಿ ಅಂಟಿಸಿ, ನೆರಳಲ್ಲೇ ಒಣಗಿಸಿ. ಮೊದಲ ಸಲ ನಾನು ಅವಸರಪಟ್ಟು ಮಾಳಿಗೆ ಬಿಸಿಲಿಗೆ ಹಾಕಿದೆ. ಹಪ್ಪಳದ ಹಾಗೆ ಸುರುಳಿಯಾಯಿತು, ಒಂದು ಇಡೀ ಪಂಚೆ ಹಾಳು. ತುಂಬಾ ಸಂಕಟವಾಯಿತು.

ಆಮೇಲೆ ಸೀಮೆಸುಣ್ಣದ ಪುಡಿಯನ್ನು ಅದೇ ಅಂಟಿನಲ್ಲಿ ಕಲಸಿ ಎರಡೂ ಕಡೆ ಬಳಿಯಿರಿ. ಒಣಗಿದ ಮೇಲೆ ನುಣುಪು ಕಲ್ಲಿನಿಂದ ಉಜ್ಜಿ. ಈ ಕೆಲಸಕ್ಕೆ ಸೋಮಾರಿತನ ಬೇಡ, ಬಣ್ಣ ಕೂರೋದು ಇದರಿಂದಲೇ. ಬಳೆ ಇಟ್ಟು ಗೆರೆ ಎಳೆದು ಕತ್ತರಿಸಿ. ಹಿಂಬದಿಗೆಲ್ಲ ಒಂದೇ ಬಣ್ಣ ಇರಲಿ. ಕಲೆ ಬಿದ್ದ ಎಲೆಯನ್ನು ಎದುರಿಗಿರುವವರು ಗುರುತು ಹಿಡಿಯುತ್ತಾರೆ.

ಹತ್ತು ಅವತಾರ, ಒಂದೊಂದಕ್ಕೆ 12 ಎಲೆ: ರಾಜ, ಮಂತ್ರಿ, ಒಂದರಿಂದ ಹತ್ತು. ಮತ್ಸ್ಯದ ಆರಕ್ಕೆ ಆರು ಮೀನು, ಕೂರ್ಮದ ಏಳಕ್ಕೆ ಏಳು ಆಮೆ. ಮೈಸೂರು ಶೈಲಿಯಷ್ಟು ಸೂಕ್ಷ್ಮವಾಗಿ ಬರೆಯಲು ವರ್ಷಗಳೇ ಬೇಕು. ಮನೆಯಲ್ಲಿ ಆಡಲು ಮೀನು ಮೀನಿನಂತಿದ್ದರೆ ಸಾಕು.

ಮೂವರು ಆಡಿ, ತಲಾ 40 ಎಲೆ. ಹಗಲಲ್ಲಿ ರಾಮನ ರಾಜ ಯಾರ ಕೈಯಲ್ಲಿದೆಯೋ ಅವರದ್ದು ಮೊದಲ ಇಳಿತ. ರಾತ್ರಿ ಆಡಿದರೆ ಕೃಷ್ಣನ ರಾಜ ಇದ್ದವರದ್ದು. ಮೊದಲು ಇಳಿದ ಅವತಾರದಲ್ಲಿ ದೊಡ್ಡ ಎಲೆ ಹಾಕಿದವರಿಗೇ ಆ ಸುತ್ತಿನ ಪಟ್ಟು, ಬೇರೆಲ್ಲವನ್ನೂ ಹೊಡೆಯುವ ತುರುಫು ಇಲ್ಲ. ರಾಜ, ಮಂತ್ರಿ ಯಾವಾಗಲೂ ಮೇಲೆ. ಅವರ ಕೆಳಗೆ ಐದು ಅವತಾರಗಳಲ್ಲಿ ಹತ್ತು ದೊಡ್ಡದು, ಉಳಿದ ಐದರಲ್ಲಿ ಒಂದರ ಎಲೆಯೇ ದೊಡ್ಡದು. ಯಾವ ಐದು ಅಂತ ಕೂರುವ ಮೊದಲೇ ಮಾತಾಡಿಕೊಳ್ಳಿ. ಹೋದ ಎಲೆಗಳನ್ನು ನೆನಪಿಟ್ಟವರೇ ಗೆಲ್ಲೋದು. ಇದರಲ್ಲಿ ನಮ್ಮತ್ತೆಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಎಲೆಗಳನ್ನು ಒಣಬೇವಿನ ಜೊತೆ ಮರದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊರಗೆ ಹರಡಿ ಗಾಳಿಯಾಡಿಸಿ.