ಮುಟ್ಟು ನಿಲ್ಲುವ ಮುನ್ನಿನ ವರ್ಷಗಳ ಕಳವಳ, ಮಂಕು: ಆರೈಕೆ ಎಲ್ಲಿಂದ ಆರಂಭಿಸಬೇಕು

ಮುಟ್ಟು ಒಮ್ಮೆ ಮೂರು ವಾರಕ್ಕೇ ಬಂದು, ಇನ್ನೊಮ್ಮೆ ಎರಡು ತಿಂಗಳಾದರೂ ಬಾರದಿರುವ ನಲವತ್ತರ ನಂತರದ ವರ್ಷಗಳಲ್ಲಿ ಅನೇಕ ಮಹಿಳೆಯರನ್ನು ಕಾರಣ ತಿಳಿಯದ ಗಾಬರಿಯೂ ಮಂಕೂ ಕಾಡುತ್ತವೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಅದು ಋತುಬಂಧ. ಭಾರತದಲ್ಲಿ ಸಾಮಾನ್ಯವಾಗಿ 46–47ರ ಆಸುಪಾಸಿನಲ್ಲಿ ಆಗುವ ಇದಕ್ಕೆ ಮುಂಚಿನ ಕೆಲವು ವರ್ಷಗಳನ್ನು ವೈದ್ಯರು ಪೆರಿಮೆನೋಪಾಸ್ ಎನ್ನುತ್ತಾರೆ. ಈ ಅವಧಿಯಲ್ಲಿ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನ್ ಒಂದೇ ಸಮನೆ ಇಳಿಯದೆ ಏರಿಳಿಯುತ್ತದೆ, ಮತ್ತು ನಿದ್ದೆ, ಮನಃಸ್ಥಿತಿಗಳನ್ನು ನಿಯಂತ್ರಿಸುವ ಮಿದುಳಿನ ರಾಸಾಯನಿಕಗಳ ಮೇಲೆ ಅದರ ಪ್ರಭಾವವಿರುತ್ತದೆ. ಇದನ್ನು ಸಿಡುಕು ಸ್ವಭಾವವೆಂದು ಮನೆಯವರು ಹೇಳುವುದೂ, ಹೆಂಗಸರು ತಾವೂ ಅದನ್ನೇ ನಂಬಿಬಿಡುವುದೂ ಅನ್ಯಾಯ.

ಮೊದಲ ಕೆಲಸ ಬರೆದಿಡುವುದು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಗುರುತು ಹಾಕುವ ಗೋಡೆಯ ಕ್ಯಾಲೆಂಡರಿನಲ್ಲೇ ಮುಟ್ಟಿನ ದಿನ, ರಕ್ತಸ್ರಾವದ ಪ್ರಮಾಣ, ನಿದ್ದೆ ಕೆಟ್ಟ ರಾತ್ರಿ, ಎದೆ ಡವಗುಟ್ಟಿದ ದಿನಗಳನ್ನು ಎರಡು ಮೂರು ತಿಂಗಳು ಗುರುತಿಸಿ. ಆದರೆ ತೊಂದರೆ ಹೆಚ್ಚಿದ್ದರೆ ಅಷ್ಟು ಕಾಯಬೇಡಿ.

ಆ ಹಾಳೆಯೊಂದಿಗೆ ಸ್ತ್ರೀರೋಗ ತಜ್ಞರನ್ನು ಕಂಡು, ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12 ಪರೀಕ್ಷೆಗಳ ಬಗ್ಗೆ ಕೇಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ: ಅತಿಯಾದ ಸ್ರಾವದಿಂದ ರಕ್ತಹೀನತೆ ಉಂಟಾದಾಗ ಮೆಟ್ಟಿಲು ಹತ್ತಿದರೆ ಏದುಸಿರು, ಎದೆಬಡಿತ, ಸುಸ್ತು ಬರುತ್ತವೆ, ಥೈರಾಯ್ಡ್ ಹೆಚ್ಚಾದರೆ ಕೈನಡುಕವೂ ಗಾಬರಿಯೂ, ಕಡಿಮೆಯಾದರೆ ಮಂಕೂ ಕಾಣಿಸಿಕೊಳ್ಳುತ್ತವೆ. ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಹಾಕಿದರೆ, ಸುಲಭವಾಗಿ ಗುಣವಾಗಬಹುದಾದ ಕಾಯಿಲೆ ಹಾಗೆಯೇ ಉಳಿದುಬಿಡುತ್ತದೆ.

ಮನೆಯಲ್ಲಿ ಮಾಡಿಕೊಳ್ಳಬಹುದಾದವುಗಳಲ್ಲಿ ನಿದ್ದೆಗೇ ಮೊದಲ ಸ್ಥಾನ. ರಾತ್ರಿ ಮೈ ಬೆವರಿ ಎಚ್ಚರವಾಗುವವರು ತೆಳು ಹತ್ತಿ ಬಟ್ಟೆ ಧರಿಸಿ, ಗಾಳಿಯಾಡುವ ಕಡೆ ಮಲಗಬೇಕು. ಮಧ್ಯಾಹ್ನದ ನಂತರ ಕಾಫಿ, ಟೀ ಬಿಡಬೇಕು. ಮತ್ತೆ ನಿದ್ದೆ ಹತ್ತದಿದ್ದರೆ ಹೊರಳಾಡುತ್ತಾ ನಾಳೆಯ ಚಿಂತೆ ಮಾಡುವ ಬದಲು ಎದ್ದು, ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗ ಮಲಗುವುದು ಒಳ್ಳೆಯದು. ಗಾಬರಿ ಏರಿದಾಗ ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುತ್ತಾ ಐದು ನಿಮಿಷ ಕೂರಿ. ವಾರದಲ್ಲಿ ಐದು ದಿನ ಅರ್ಧ ಗಂಟೆಯ ಬಿರುಸು ನಡಿಗೆಯೂ ನೆರವಾಗುತ್ತದೆ. ಮನೆಗೆಲಸದ ಓಡಾಟ ಅದಕ್ಕೆ ಬದಲಿಯಲ್ಲ.

ಇಷ್ಟರಿಂದ ಸಾಲದಿದ್ದರೆ ಚಿಕಿತ್ಸೆ ಪಡೆಯುವುದು ಸೋಲಲ್ಲ. ಯೋಚನೆಯ ಜಾಡನ್ನು ಗುರುತಿಸಿ ತಿದ್ದಿಕೊಳ್ಳಲು ಕಲಿಸುವ ಸಿಬಿಟಿ ಎಂಬ ಆಪ್ತಸಮಾಲೋಚನೆ, ಖಿನ್ನತೆ ನಿವಾರಕ ಮಾತ್ರೆ, ಹಾರ್ಮೋನ್ ಚಿಕಿತ್ಸೆ ಇವುಗಳಲ್ಲಿ ಯಾವುದು ಹೊಂದುತ್ತದೆಂದು ವೈದ್ಯರು ನಿರ್ಧರಿಸುತ್ತಾರೆ. ಸ್ತನ ಕ್ಯಾನ್ಸರ್ ಆಗಿದ್ದರೆ ಅಥವಾ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಮರೆಯದೆ ತಿಳಿಸಿ. ಖಿನ್ನತೆಯ ಮಾತ್ರೆ ಫಲ ಕೊಡಲು ಕೆಲವು ವಾರಗಳು ಬೇಕು. ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು.

ಎರಡು ವಾರಗಳಿಗೂ ಹೆಚ್ಚು ಕಾಲ ದಿನವಿಡೀ ಮಂಕು ಕವಿದಿದ್ದರೆ ಮನೋವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಆ ಕ್ಷಣವೇ ಹತ್ತಿರದವರಿಗೆ ತಿಳಿಸಿ, ಒಂಟಿಯಾಗಿರದೆ, ಆಸ್ಪತ್ರೆಗೆ ಹೋಗಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.