ಹಳೇ ಲ್ಯಾಪ್‌ಟಾಪಿನ ಡಿಸ್ಕೇ ನನ್ನ ಬ್ಯಾಕಪ್

ಮೂಡಿಗೆರೆ ಕಡೆ ಹೂಮಳೆ ಬಂದರೆ ಕಾಫಿ ತೋಟದವರಿಗೆ ಹಬ್ಬ. ಆದರೆ ಅದು ಗುಡುಗು ಸಿಡಿಲನ್ನೂ ಜೊತೆಗೇ ತರುತ್ತದೆ. ಹಾಗೆ ಬಂದ ಒಂದು ಸಿಡಿಲಿಗೆ ನನ್ನ ಕಂಪ್ಯೂಟರ್ ಹೋಯಿತು. ಬ್ಯಾಕಪ್ ಇತ್ತು ಅಲ್ವಾ ಎಂದು ಸಮಾಧಾನ ಮಾಡಿಕೊಂಡೆ. ಆ ಡಿಸ್ಕನ್ನು ಯಾವಾಗಲೂ ಕಂಪ್ಯೂಟರಿಗೇ ಚುಚ್ಚಿ ಇಟ್ಟಿರುತ್ತಿದ್ದೆ. ಅದೂ ಸುಟ್ಟಿತ್ತು. ಡೇಟಾ ತೆಗೆದುಕೊಡಲು ಕೇಳಿದ ದುಡ್ಡಿಗೆ ಹೊಸ ಕಂಪ್ಯೂಟರೇ ಬರುತ್ತಿತ್ತು.

ಅಟ್ಟದ ಮೇಲೆ ಎರಡು ಹಳೇ ಲ್ಯಾಪ್‌ಟಾಪ್ ಬಿದ್ದಿದ್ದವು. ಸ್ಕ್ರೂ ಬಿಚ್ಚಿ ಅವುಗಳ 500 ಜಿಬಿ ಹಾರ್ಡ್ ಡಿಸ್ಕ್ ತೆಗೆದೆ. ಅವನ್ನು ಹೊರಗಿನಿಂದ ಚುಚ್ಚಲು ಬೇಕಾದ ಯುಎಸ್‌ಬಿ ಕೇಸಿಂಗಿಗೆ ಕೆಲವೇ ನೂರು ರೂಪಾಯಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಡಿಸ್ಕ್‌ಗಳ ಆರೋಗ್ಯ ನೋಡಿ, ಎರಡೂ ‘ಗುಡ್’ ಎಂದ ಮೇಲೆಯೇ ಬಳಸಿದೆ. ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಎನ್‌ಟಿಎಫ್‌ಎಸ್ ಎಂಬ ಪದ್ಧತಿಗೆ ಫಾರ್ಮ್ಯಾಟ್ ಮಾಡಿದೆ. ಹಳೇ ಪದ್ಧತಿ ಫ್ಯಾಟ್32 ಆದರೆ 4 ಜಿಬಿ ಮೀರಿದ ಫೈಲ್ ಹಿಡಿಸುವುದಿಲ್ಲ, ಮದುವೆ ವಿಡಿಯೋ ಎಲ್ಲ ಹೊರಗೇ ಉಳಿಯುತ್ತದೆ.

ಕಾಪಿ ಮಾಡಲು ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಎಂಬ ಕಮಾಂಡ್ ಸಾಕು. ಹೊಸದು, ಬದಲಾದದ್ದು ಮಾತ್ರ ಹೋಗುತ್ತದೆ. ಅದರಲ್ಲಿ ‘ಮಿರರ್’ ಆಯ್ಕೆ ಮಾತ್ರ ಬೇಡ. ಕಂಪ್ಯೂಟರಿನಲ್ಲಿ ಕೈತಪ್ಪಿ ಅಳಿಸಿದ್ದನ್ನು ಬ್ಯಾಕಪ್‌ನಲ್ಲೂ ಅಳಿಸಿಬಿಡುತ್ತದೆ. ನನ್ನ ಒಂದು ಫೋಲ್ಡರ್ ಹೀಗೇ ಹೋಗಿದೆ.

ಎಲ್ಲವನ್ನೂ ಕ್ಲೌಡ್‌ಗೆ ಹಾಕು ಅಂತಾರೆ. ನಮ್ಮ ಮನೆಯ ಅಪ್‌ಲೋಡ್ ವೇಗ 5 ಎಂಬಿಪಿಎಸ್. ನನ್ನ 180 ಜಿಬಿ ಫೋಟೋ ಹೋಗಲು 80 ಗಂಟೆ ಬೇಕು, ಅದೂ ಕರೆಂಟ್ ಹೋಗದಿದ್ದರೆ! ಗೂಗಲ್ ಕೊಡುವ 15 ಜಿಬಿ ಉಚಿತ ಜಾಗದಲ್ಲಿ ಮೇಲ್, ಫೋಟೋ ಎಲ್ಲ ಸೇರಿಯೇ ಲೆಕ್ಕ. ಹಾಗಾಗಿ ಅಲ್ಲಿಗೆ ತೋಟದ ಲೆಕ್ಕ, ಪಹಣಿ ಸ್ಕ್ಯಾನ್, ಬ್ಯಾಂಕ್ ಕಾಗದ ಇಷ್ಟೇ. ಎರಡು ಜಿಬಿಯೂ ಆಗಿಲ್ಲ. ಪೆನ್ ಡ್ರೈವ್ ಸುಮ್ನೆ ಪ್ರಿಂಟ್ ಹಾಕಿಸಲು ಒಯ್ಯುವುದಕ್ಕೆ ಸರಿ.

ಒಂದು ಡಿಸ್ಕ್ ನಮ್ಮಲ್ಲಿ, ಗಟ್ಟಿ ಮುಚ್ಚಳದ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರುತ್ತದೆ. ಆಷಾಢದಲ್ಲಿ ನಮ್ಮೂರಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಭಾನುವಾರ ಹತ್ತು ನಿಮಿಷ ಚುಚ್ಚಿ ತೆಗೆಯುತ್ತೇನೆ, ಗುಡುಗು ಕೇಳಿದರೆ ಅದೂ ಇಲ್ಲ. ಇನ್ನೊಂದು ಹಾಸನದಲ್ಲಿ ಅಕ್ಕನ ಮನೆಯ ಬೀರುವಿನಲ್ಲಿದೆ. ಯುಗಾದಿಗೆ, ಹಾಸನಾಂಬೆ ದರ್ಶನಕ್ಕೆ ಹೋದಾಗ ಇದನ್ನು ಕೊಟ್ಟು ಅದನ್ನು ತರುತ್ತೇನೆ. “ನಿನ್ನ ಒಡವೆ ತಗೊಂಡು ಹೋಗೋ” ಅಂತ ಅಕ್ಕ ನಗುತ್ತಾಳೆ.

ಹೋದ ಸಲ ತಂದ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಹತ್ತು ಫೈಲ್ ತೆರೆದು ನೋಡಿದೆ. ಒಂಬತ್ತು ತೆರೆದವು. ಹತ್ತನೆಯದು ಹಳೇ ಕೂಲಿ ಲೆಕ್ಕ, ಪಾಸ್‌ವರ್ಡ್ ಕೇಳಿತು. ಎರಡು ದಿನ ಹುಡುಕಿದ ಮೇಲೆ ಅದು ಅಪ್ಪನ ಡೈರಿಯ ಕೊನೆ ಪುಟದಲ್ಲಿ ಸಿಕ್ಕಿತು.